ಚರ್ಚ್ ಮದುವೆಗೆ ಗೌನು ಹೊಲಿಯುವುದು: ಅಳತೆಯಿಂದ ಕೊನೆಯ ಗುಂಡಿಯವರೆಗೆ

ಚರ್ಚಿನ ಮದುವೆಯಲ್ಲಿ ನೆರೆದವರು ಮದುಮಗಳ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ನಡೆದು ಬರುವಾಗ ಒಂದೆರಡು ನಿಮಿಷ ಮುಂಭಾಗ. ಆಮೇಲೆ ಪ್ರಾರ್ಥನೆ, ಪ್ರಸಂಗ, ಪ್ರತಿಜ್ಞೆ ಮುಗಿಯುವ ತನಕ ಕಾಣುವುದು ಬೆನ್ನಿನ ಗುಂಡಿಸಾಲು, ಸೊಂಟದ ಹಿಂಭಾಗ, ನೆಲದ ಮೇಲೆ ಹರಡಿದ ಟ್ರೇಲ್ (ಗೌನಿನ ಹಿಂದೆ ಎಳೆದುಬರುವ ಉದ್ದನೆಯ ಭಾಗ). ಆದರೂ ಡಿಸೈನ್ ಬರೆಯಲು ಕೂತವರೆಲ್ಲ ಮುಂಗತ್ತಿನಿಂದ ಶುರು ಮಾಡಿ ಬೆನ್ನನ್ನು ಕೊನೆಗೆ ಬಿಡುತ್ತಾರೆ. ನೀವು ಬೆನ್ನನ್ನು ಮೊದಲು ಬರೆಯಿರಿ.

ಅದಕ್ಕೂ ಮೊದಲು, ಆ ಒಂದು ಗಂಟೆಯಲ್ಲಿ ಗೌನು ತೊಟ್ಟವಳು ಏನೇನು ಮಾಡಬೇಕು ಎಂದು ಬರೆದಿಟ್ಟುಕೊಳ್ಳಿ. ಅಪ್ಪನ ಕೈ ಹಿಡಿದು ನಡೆಯುವುದು, ಮೆಟ್ಟಿಲು ಹತ್ತುವುದು, ಕೂರುವುದು, ಏಳುವುದು, ಮೊಣಕಾಲೂರುವುದು, ಉಂಗುರಕ್ಕೆ ಕೈ ಚಾಚುವುದು, ರಿಜಿಸ್ಟರಿಗೆ ಬಗ್ಗಿ ಸಹಿ ಹಾಕುವುದು, ಹೊರಗೆ ಬಂದ ಮೇಲೆ ಕೈ ಎತ್ತಿ ನೂರು ಜನರನ್ನು ಅಪ್ಪಿಕೊಳ್ಳುವುದು. ಕನ್ನಡಿ ಮುಂದೆ ನೆಟ್ಟಗೆ ನಿಂತಾಗ ಚೆನ್ನಾಗಿ ಕಾಣುವ ಗೌನು ಈ ಪಟ್ಟಿಯ ಅರ್ಧಕ್ಕೇ ಸೋಲಬಹುದು. ಮುಂದೆ ಹೇಳುವ ಅಳತೆ, ಟ್ರಯಲ್, ಅಂಚು ಎಲ್ಲವೂ ಈ ಪಟ್ಟಿಗೆ ಉತ್ತರವಾಗಿರಬೇಕು.

ಮಾತು ಮೊದಲು, ಬಟ್ಟೆ ಆಮೇಲೆ

ಮದುವೆ ನಡೆಸಿಕೊಡುವ ಪಾದ್ರಿಯವರನ್ನು ಮದುಮಗಳೇ ಕೇಳಿ ಬರಲಿ: ತೆರೆದ ಭುಜಕ್ಕೆ ಒಪ್ಪಿಗೆಯಿದೆಯೇ, ತೋಳು ಬೇಕೇ, ವೇಲು ಮುಖ ಮುಚ್ಚಬೇಕೇ, ಮೊಣಕಾಲೂರುವುದು ಎಷ್ಟು ಹೊತ್ತು, ಮೇಣದ ಬತ್ತಿ ಹಚ್ಚುವುದಿದೆಯೇ. ಒಂದೊಂದು ಸಭೆಯಲ್ಲಿ ಒಂದೊಂದು ರೀತಿ. ಗೌನು ಮುಗಿದ ಮೇಲೆ ‘ಭುಜ ಕಾಣಬಾರದು’ ಎಂಬ ಮಾತು ಬಂದರೆ ಉಳಿಯುವ ದಾರಿ ಒಂದೇ, ಆರಾಧನೆಯ ಹೊತ್ತಿಗೆ ಹಾಕಿ ಆಮೇಲೆ ತೆಗೆಯುವ ಲೇಸ್ ಜಾಕೆಟ್. ಅದಕ್ಕೆಂದು ಒಂದು ಮೀಟರ್ ಲೇಸನ್ನು ಮೊದಲೇ ಹೆಚ್ಚಿಗೆ ಕೊಂಡಿಟ್ಟಿದ್ದರೆ ಒಳ್ಳೆಯದು.

ಗೆಳತಿಗೆ ಹೊಲಿಯುವಾಗ ಲೆಕ್ಕ ಬರೆದಿಡಲು ಸಂಕೋಚವಾಗುತ್ತದೆ. ಬರೆಯದೆ ಬಿಟ್ಟರೆ ಮುನಿಸು ಖಚಿತ. ಒಂದೇ ಹಾಳೆ ಸಾಕು: ಬಟ್ಟೆ, ಲೈನಿಂಗ್, ಜಿಪ್ಪು, ಗುಂಡಿಯ ಖರ್ಚು ಯಾರದು, ಹೊಲಿಗೆ ಉಡುಗೊರೆಯೋ ಕೂಲಿಯೋ, ಒಟ್ಟು ಎಷ್ಟು ಉಡುಪು, ಯಾವ ತಾರೀಖಿನ ಮೇಲೆ ಡಿಸೈನ್ ಬದಲಾಗುವುದಿಲ್ಲ. ಹೊಲಿಗೆ ಉಡುಗೊರೆ ಎಂದು ಒಪ್ಪಿಕೊಂಡರೆ ಆ ಉಡುಗೊರೆ ಮದುಮಗಳ ಗೌನಿಗಷ್ಟೇ ಎಂದೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವಾರ ಚಿಕ್ಕಮ್ಮನ ರವಿಕೆಯೂ ಬರುತ್ತದೆ. ಸಾದಾ ಗೌನಿಗೂ 40ರಿಂದ 60 ಗಂಟೆಯ ಕೆಲಸ ಎಂದು ಲೆಕ್ಕ ಹಿಡಿಯಿರಿ. ಕೈಯಲ್ಲಿ ಮಣಿ ಕೂರಿಸುವುದಿದ್ದರೆ ಅದು ಬೇರೆ. ಟ್ರಯಲಿಗೆ ಮದುಮಗಳ ಜೊತೆ ಒಬ್ಬರೇ ಬರಲಿ. ನಾಲ್ಕು ಜನ ಬಂದರೆ ಐದು ಅಭಿಪ್ರಾಯ. ಇನ್ನೊಂದು ಮಾತು: ಸಭೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ಅಳತೆ ಪುಸ್ತಕ ಯಾರ ಕೈಗೂ ಸಿಗಬಾರದು.

ಸಮಯ ಆರು ತಿಂಗಳಿದ್ದರೆ ನೆಮ್ಮದಿ. ಮೊದಲ ಎರಡು ತಿಂಗಳು ಡಿಸೈನ್ ಮತ್ತು ಬಟ್ಟೆ, ಮೂರನೆಯದರಲ್ಲಿ ಕೋರಾ ಬಟ್ಟೆಯ ಮಾದರಿ (ಅಳತೆ ನೋಡಲು ಸಾದಾ ಹತ್ತಿ ಬಟ್ಟೆಯಲ್ಲಿ ಹೊಲಿಯುವ ಪ್ರಯೋಗದ ಗೌನು). ನಿಜವಾದ ಬಟ್ಟೆಗೆ ಕತ್ತರಿ ಹಾಕುವುದು ಮದುವೆಗೆ ಹತ್ತು ವಾರ ಇರುವಾಗ, ಕೊನೆಯ ಟ್ರಯಲ್ ಎರಡು ವಾರ ಇರುವಾಗ. ಇದಕ್ಕಿಂತ ಬೇಗ ಮುಗಿಸಿದರೆ ಲಾಭವಿಲ್ಲ, ಮದುವೆ ಹತ್ತಿರ ಬಂದಂತೆ ಸೊಂಟದ ಅಳತೆ ಇಳಿಯುತ್ತದೆ ಅಥವಾ ಏರುತ್ತದೆ.

ಅಳತೆ

ಮದುವೆಯ ದಿನ ತೊಡುವ ಒಳ ಉಡುಪು ಮತ್ತು ಚಪ್ಪಲಿ ಇಲ್ಲದೆ ಅಳತೆ ತೆಗೆಯಬೇಡಿ. ಬ್ರಾ ಬದಲಾದರೆ ಎದೆಯ ತುದಿ ಅರ್ಧದಿಂದ ಒಂದು ಇಂಚು ಮೇಲೆ ಕೆಳಗೆ ಹೋಗುತ್ತದೆ, ಪ್ರಿನ್ಸೆಸ್ ಕಟ್ಟಿನ (ಎದೆಯ ಮೇಲಿಂದ ಸೊಂಟಕ್ಕೆ ಇಳಿಯುವ ಉದ್ದ ಹೊಲಿಗೆಯ) ಉಬ್ಬು ತಪ್ಪಾದ ಜಾಗದಲ್ಲಿ ಕೂರುತ್ತದೆ. ಸೊಂಟಕ್ಕೆ ಕಾಲು ಇಂಚಿನ ಎಲಾಸ್ಟಿಕ್ ಕಟ್ಟಿ, ಅವಳು ಎಡಕ್ಕೆ ಬಲಕ್ಕೆ ಬಾಗಿದಾಗ ಅದು ಎಲ್ಲಿ ನಿಲ್ಲುತ್ತದೋ ಅದೇ ಸೊಂಟ. ಸೊಂಟ ಸೇರಿರುವ ಉದ್ದದ ಅಳತೆಗಳೆಲ್ಲ ಆ ಎಲಾಸ್ಟಿಕ್‌ನಿಂದಲೇ.

ಸುತ್ತಳತೆ: ಎದೆಯ ಮೇಲೆ (ಕಂಕುಳ ಮಟ್ಟ), ಎದೆ, ಎದೆಯ ಕೆಳಗೆ, ಸೊಂಟ, ಸೀಟು (ಸೊಂಟದಿಂದ ಸುಮಾರು 8 ಇಂಚು ಕೆಳಗೆ, ಎಲ್ಲಿ ಅತಿ ಅಗಲವೋ ಅಲ್ಲಿ), ಮೊಣಕೈ ಮಡಚಿದಾಗಿನ ತೋಳು. ಸೀಟನ್ನು ನಿಂತಾಗ ಒಮ್ಮೆ, ಕೂತಾಗ ಒಮ್ಮೆ ಅಳೆಯಿರಿ. ಕೂತಾಗ ಒಂದೂವರೆ ಎರಡು ಇಂಚು ಹೆಚ್ಚುವುದು ಸಾಮಾನ್ಯ. ಮೀನಿನಾಕಾರದ ಬಿಗಿ ಗೌನು ಬೇಕೆನ್ನುವವಳಿಗೆ ಈ ಎರಡನೇ ಅಂಕಿಯೇ ಮುಖ್ಯ. ಉದ್ದ: ಭುಜದಿಂದ ಎದೆಯ ತುದಿ, ತುದಿಯಿಂದ ತುದಿ, ಕತ್ತಿನ ಹಿಂದಿನಿಂದ ಸೊಂಟ, ಬೆನ್ನಿನ ಅಗಲ. ಸೊಂಟದಿಂದ ನೆಲದವರೆಗಿನ ಅಳತೆಯನ್ನು ಮುಂದೆ, ಎರಡೂ ಪಕ್ಕ, ಹಿಂದೆ ಬೇರೆಬೇರೆಯಾಗಿ ತೆಗೆಯಿರಿ. ನಾಲ್ಕೂ ಒಂದೇ ಬರುವುದು ಅಪರೂಪ.

ಬಿಡುವು (ಮೈ ಅಳತೆಗಿಂತ ಹೆಚ್ಚಿಗೆ ಬಿಡುವ ಸಡಿಲ) ಹೀಗೆ: ಭುಜಪಟ್ಟಿ ಇಲ್ಲದ ಮೇಲ್ಭಾಗಕ್ಕೆ ಎದೆಯಲ್ಲಿ ಹೆಚ್ಚೆಂದರೆ ಅರ್ಧ ಇಂಚು, ತೋಳಿರುವುದಕ್ಕೆ ಒಂದೂವರೆಯಿಂದ ಎರಡು ಇಂಚು, ಸೊಂಟಕ್ಕೆ ಅರ್ಧದಿಂದ ಒಂದು ಇಂಚು.

ಬಟ್ಟೆ ಮತ್ತು ಎಷ್ಟು ಬೇಕು

ಆಕಾರ ಹಿಡಿದು ನಿಲ್ಲಬೇಕಾದರೆ ದಪ್ಪನೆಯ ಡಚೆಸ್ ಸ್ಯಾಟಿನ್ ಅಥವಾ ಮಿಕಾಡೊ. ಮೈಮೇಲೆ ಇಳಿಬೀಳಬೇಕಾದರೆ ಕ್ರೇಪ್. ತೆಳು ಶಾರ್ಮ್ಯೂಸ್ ಸ್ಯಾಟಿನ್ ಅಂಗಡಿಯ ಬೆಳಕಿನಲ್ಲಿ ಮನಸ್ಸು ಸೆಳೆಯುತ್ತದೆ, ಆದರೆ ಒಳ ಉಡುಪಿನ ಪ್ರತಿಯೊಂದು ಗೆರೆಯನ್ನೂ ಹೊಲಿಗೆಯ ಪ್ರತಿಯೊಂದು ಸುಕ್ಕನ್ನೂ ತೋರಿಸುತ್ತದೆ. ಮೊದಲ ಗೌನಿಗೆ ಅದನ್ನು ಮುಟ್ಟದಿರುವುದೇ ಲೇಸು. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಸುಕಿ ಬಿಡಿ. ಸುಕ್ಕು ಹಾಗೇ ನಿಂತರೆ ಕಾರಿನಿಂದ ಇಳಿದಾಗಲೂ ನಿಲ್ಲುತ್ತದೆ.

ಬಿಳಿಯಲ್ಲಿ ಹತ್ತು ಬಿಳಿ. ಸ್ಯಾಟಿನ್, ಲೇಸ್, ನೆಟ್, ದಾರ, ಜಿಪ್ಪು ಎಲ್ಲದರ ತುಂಡನ್ನೂ ಹಗಲು ಬೆಳಕಿನಲ್ಲಿ ಒಟ್ಟಿಗಿಟ್ಟು ನೋಡಿ, ಕ್ಯಾಮೆರಾ ಫ್ಲ್ಯಾಶ್ ಹಾಕಿ ಫೋಟೊ ತೆಗೆದೂ ನೋಡಿ. ನೀಲಿ ಛಾಯೆಯ ಅಚ್ಚ ಬಿಳಿಯ ಪಕ್ಕದಲ್ಲಿ ಐವರಿ ಹಳೆಯದಾದಂತೆ ಕಾಣುತ್ತದೆ.

ಘೇರಿನ ಲೆಕ್ಕ ಕಷ್ಟವಲ್ಲ. ಅರ್ಧ ವೃತ್ತದ ಸ್ಕರ್ಟಿಗೆ ಸೊಂಟವನ್ನು 3.14ರಿಂದ ಭಾಗಿಸಿದರೆ ಒಳ ತ್ರಿಜ್ಯ ಸಿಗುತ್ತದೆ: 28 ಇಂಚಿನ ಸೊಂಟಕ್ಕೆ ಸುಮಾರು 9 ಇಂಚು. ಅದಕ್ಕೆ ಅಂಚು ಸೇರಿ 43 ಇಂಚಿನ ಉದ್ದ ಕೂಡಿಸಿದರೆ 52. ಅಂದರೆ 58 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ 104 ಇಂಚು, ಸುಮಾರು 2.65 ಮೀಟರ್. ಪೂರ್ತಿ ವೃತ್ತಕ್ಕೆ 6.28ರಿಂದ ಭಾಗಿಸಿ: ತ್ರಿಜ್ಯ ಸುಮಾರು 4.5, ಉದ್ದ ಸೇರಿ 47.5, ಎರಡು ಅರ್ಧಗಳಿಗೆ 190 ಇಂಚು, ಸುಮಾರು 4.85 ಮೀಟರ್. ಇದು ಟ್ರೇಲ್ ಇಲ್ಲದ ಸ್ಕರ್ಟಿನ ಲೆಕ್ಕ. ಮೇಲ್ಭಾಗಕ್ಕೆ ಒಂದೂವರೆ ಮೀಟರ್ ಸೇರಿಸಿ; ಟ್ರೇಲ್ ಇದ್ದರೆ ಹಿಂದಿನ ತುಂಡುಗಳನ್ನು ಕಾಗದದಲ್ಲಿ ಕತ್ತರಿಸಿ ನೆಲದ ಮೇಲೆ ಹಾಸಿ ಅಳೆದೇ ಕೊಳ್ಳಿ. ಅಂದಾಜು ಸಾಲದು. ಒಳಗಿನ ಕ್ಯಾನ್‌ಕ್ಯಾನ್ ನೆಟ್ಟಿಗೆ (ಸ್ಕರ್ಟು ಉಬ್ಬಿ ನಿಲ್ಲಲು ಹಾಕುವ ಗಟ್ಟಿ ನೆಟ್) ಪ್ರತಿ ಪದರವೂ ಅದನ್ನು ಹೊಲಿಯುವ ಸುತ್ತಳತೆಯ ಎರಡೂವರೆ ಪಟ್ಟು ಇರಲಿ, ಮೈಗೆ ತಾಗುವ ಕಡೆ ಮೆತ್ತನೆಯ ಲೈನಿಂಗ್ ಕಡ್ಡಾಯ. ನೆಟ್ ಚುಚ್ಚಿದರೆ ಅವಳು ಕೂತಷ್ಟು ಹೊತ್ತೂ ಮಿಸುಕಾಡುತ್ತಲೇ ಇರುತ್ತಾಳೆ.

ಕೋರಾ ಬಟ್ಟೆಯ ಮಾದರಿ

ಈ ಹಂತವನ್ನು ಹಾರಿಸಿದವರು ಸ್ಯಾಟಿನ್‌ನಲ್ಲಿ ಬೆಲೆ ತೆರುತ್ತಾರೆ, ಯಾಕೆಂದರೆ ಸ್ಯಾಟಿನ್‌ನಲ್ಲಿ ಬಿಚ್ಚಿದ ಹೊಲಿಗೆಯ ತೂತು ಮುಚ್ಚುವುದಿಲ್ಲ. ಮೇಲ್ಭಾಗವನ್ನು ಪೂರ್ತಿಯಾಗಿ, ಸ್ಕರ್ಟನ್ನು ಸೀಟಿನ ಕೆಳಗಿನ ತನಕವಾದರೂ ಕೋರಾ ಹತ್ತಿ ಬಟ್ಟೆಯಲ್ಲಿ ಹೊಲಿಯಿರಿ. ಹೊಲಿಗೆ ಉದ್ದ 4 ಮಿ.ಮೀ. ಇರಲಿ, ಬಿಚ್ಚಲು ಸುಲಭ. ಎದೆಯ ಗೆರೆ, ಸೊಂಟದ ಗೆರೆ, ಹಾಸಿನ ಎಳೆಯ (ಬಟ್ಟೆಯ ಉದ್ದಕ್ಕೆ ಓಡುವ ಎಳೆಯ) ಗೆರೆಯನ್ನು ಪೆನ್ನಿನಲ್ಲಿ ಎಳೆಯಿರಿ. ತೊಡಿಸಿದಾಗ ಎದೆಯ, ಸೊಂಟದ ಗೆರೆಗಳು ನೆಲಕ್ಕೆ ಸಮಾನಾಂತರವಾಗಿ, ಎಳೆಯ ಗೆರೆ ನೆಟ್ಟಗೆ ಇಲ್ಲದಿದ್ದರೆ ತಪ್ಪು ಎಲ್ಲಿದೆ ಎಂದು ಅವೇ ತೋರಿಸುತ್ತವೆ.

ಸುಕ್ಕುಗಳನ್ನು ಓದಲು ಕಲಿಯಿರಿ. ಅಡ್ಡ ಗೆರೆಯಾಗಿ ಎಳೆದುಕೊಂಡರೆ ಅಲ್ಲಿ ಬಿಗಿ; ಉದ್ದ ಮಡಿಕೆಯಾಗಿ ಬಿದ್ದರೆ ಅಲ್ಲಿ ಲೂಸು. ಎದೆಯ ತುದಿಯ ಕಡೆಗೆ ಓರೆ ಗೆರೆಗಳು ಓಡಿದರೆ ಎದೆಗೆ ಬಟ್ಟೆ ಸಾಲದು. ಪಕ್ಕದ ಹೊಲಿಗೆ ಸಡಿಲಿಸಿದರೆ ಇದು ಸರಿಹೋಗುವುದಿಲ್ಲ. ಎದೆಯ ತುಂಡಿನಲ್ಲೇ ಉದ್ದ, ಅಗಲ ಎರಡನ್ನೂ ಸೇರಿಸಿ ಡಾರ್ಟ್ (ಉಬ್ಬು ಕೂರಿಸಲು ಚಿವುಟಿ ಹೊಲಿಯುವ ಮಡಿಕೆ) ದೊಡ್ಡದು ಮಾಡಬೇಕು. ಬೆನ್ನಿನಲ್ಲಿ ಸೊಂಟದ ಮೇಲೆ ಬಟ್ಟೆ ಅಡ್ಡವಾಗಿ ಗುಡ್ಡೆ ಬಿದ್ದರೆ ಬೆನ್ನಿನ ಉದ್ದ ಹೆಚ್ಚಾಗಿದೆ, ಅಲ್ಲಿ ಅಡ್ಡಲಾಗಿ ಚಿವುಟಿ ಗುಂಡುಸೂಜಿ ಹಾಕಿ. ಬೆನ್ನು ಚರ್ಚಿನಲ್ಲಿ ಪ್ರದರ್ಶನಕ್ಕಿರುವುದರಿಂದ ಈ ಒಂದು ತಪ್ಪಿಗೆ ಮಾತ್ರ ರಿಯಾಯಿತಿ ಕೊಡಬೇಡಿ.

ತೋಳಿನ ವಿಷಯದಲ್ಲಿ ಬಹುಪಾಲು ಹೊಲಿಯುವವರು ಮಾಡುವ ತಪ್ಪು ಒಂದಿದೆ. ಕೈ ಎತ್ತಲು ಆಗುತ್ತಿಲ್ಲ ಎಂದ ಕೂಡಲೇ ಆರ್ಮ್‌ಹೋಲನ್ನು (ತೋಳು ಜೋಡಿಸುವ ತೆರಪನ್ನು) ಕೆಳಕ್ಕೆ ಕೊರೆಯುತ್ತಾರೆ. ಆಗ ಕೈ ಎತ್ತಿದೊಡನೆ ಇಡೀ ಗೌನು ಮೇಲೇಳುತ್ತದೆ, ಮೊದಲಿಗಿಂತ ಹೆಚ್ಚು ಬಿಗಿಯುತ್ತದೆ. ಕಂಕುಳಿಗೆ ಹತ್ತಿರವಾಗಿ ಕೂರುವ ಸಣ್ಣ ಆರ್ಮ್‌ಹೋಲ್, ಎತ್ತರ ಕಡಿಮೆಯಿರುವ ಅಗಲವಾದ ತೋಳಿನ ತಲೆ (ಭುಜಕ್ಕೆ ಸೇರುವ ತೋಳಿನ ಮೇಲ್ತುದಿ), ಇವೆರಡೂ ಸೇರಿದಾಗಲೇ ಕೈ ಸಲೀಸಾಗಿ ಏಳುತ್ತದೆ. ಮಾದರಿ ತೊಡಿಸಿಯೇ ಮೊದಲಿನ ಪಟ್ಟಿಯನ್ನು ಒಂದೊಂದಾಗಿ ಮಾಡಿಸಿ ನೋಡಿ: ಮೊಣಕಾಲೂರು, ಏಳು, ಕುರ್ಚಿಯಲ್ಲಿ ಕೂರು, ಅಪ್ಪಿಕೋ. ಬಗ್ಗಿ ಸಹಿ ಹಾಕುವಾಗ ಮುಂಗತ್ತು ಬಾಯಿ ಬಿಡುತ್ತಿದ್ದರೆ ಆ ಹೆಚ್ಚುವರಿಯನ್ನು ಚಿವುಟಿ ಎದೆಯ ಡಾರ್ಟಿಗೆ ಸಾಗಿಸಿ.

ಸರಿಯಾದ ಮೇಲೆ ಮಾದರಿಯನ್ನು ಬಿಚ್ಚಿ, ತಿದ್ದುಪಡಿಗಳನ್ನು ಕಾಗದಕ್ಕೆ ಇಳಿಸಿ. ಎಡ ಬಲ ಬೇರೆಯಾಗಿದ್ದರೆ ಬೇರೆಯಾಗಿಯೇ ಇಳಿಸಿ, ಮೈ ಹಾಗಿರುವುದರಿಂದಲೇ ಹಾಗೆ ಬಂದದ್ದು.

ಕತ್ತರಿಸುವುದು, ಹೊಲಿಯುವುದು

ಸ್ಯಾಟಿನ್ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಒಂದು ತುಂಡು ಮೇಲ್ಮುಖ, ಇನ್ನೊಂದು ಕೆಳಮುಖವಾಗಿ ಕತ್ತರಿಸಿದರೆ ಗೌನಿನ ಅರ್ಧ ಬೇರೆ ಬಣ್ಣದಂತೆ ಕಾಣುತ್ತದೆ. ಎಲ್ಲ ತುಂಡೂ ಒಂದೇ ದಿಕ್ಕಿಗಿರಲಿ. ಬಟ್ಟೆಯನ್ನು ಮಡಿಸದೆ ಒಂದೇ ಪದರದಲ್ಲಿ ಹಾಸಿ, ಅಡಿಗೆ ತೆಳು ಕಾಗದ ಹಾಕಿದರೆ ಜಾರುವುದಿಲ್ಲ. ಗುಂಡುಸೂಜಿ ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಬಟ್ಟೆ) ಒಳಗೆ ಮಾತ್ರ. ಮೇಣದ ಚಾಕ್ ಬೇಡ, ಇಸ್ತ್ರಿ ತಾಗಿದರೆ ಎಣ್ಣೆ ಕಲೆಯಂತೆ ಉಳಿದುಬಿಡುತ್ತದೆ. ಅಳಿಸಿಹೋಗುವ ಪೆನ್ನಾದರೂ ಸರಿ, ಮೊದಲು ಚೂರಿನ ಮೇಲೆ ಬರೆದು ಇಸ್ತ್ರಿ ಮಾಡಿ ಪರೀಕ್ಷಿಸಿ.

ಪಕ್ಕದ ಹೊಲಿಗೆಗೂ ಬೆನ್ನಿನ ನಡುವಿನ ಹೊಲಿಗೆಗೂ ಒಂದು ಇಂಚು ಮಾರ್ಜಿನ್, ಬೇರೆಡೆ ಅರ್ಧ ಇಂಚು. ಹೊಸ 70/10 ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆ ಉದ್ದ 2ರಿಂದ 2.5 ಮಿ.ಮೀ. ಪದರಗಳು ದಪ್ಪವಾದಲ್ಲಿ 80/12. ಮೊಂಡು ಸೂಜಿ ಒಂದು ಎಳೆ ಜಗ್ಗಿದರೆ ಆ ಗೆರೆ ತುಂಡಿನ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಹೊಲಿಗೆ ಸುಕ್ಕಾಗುತ್ತಿದ್ದರೆ ಮೊದಲು ಸೂಜಿ ಬದಲಿಸಿ, ಆಮೇಲೆ ಮೇಲ್ದಾರದ ಟೆನ್ಷನ್ ಇಳಿಸಿ, ಆಗಲೂ ಬಿಡದಿದ್ದರೆ ಬಟ್ಟೆಯನ್ನು ಪಾದದ ಹಿಂದೆ ಮುಂದೆ ಲಘುವಾಗಿ ಬಿಗಿ ಹಿಡಿದು ಹೊಲಿಯಿರಿ.

ಗೌನನ್ನು ಅಂಗಡಿಯ ಮಾಲಿನಿಂದ ಬೇರೆ ಮಾಡುವುದು ಒಳಪದರ. ಪ್ರತಿ ಸ್ಯಾಟಿನ್ ತುಂಡಿನ ಹಿಂದೆ ಅದೇ ಅಳತೆಯ ತೆಳು ಹತ್ತಿ ಅಥವಾ ಆರ್ಗಾಂಜಾ ತುಂಡನ್ನಿಟ್ಟು, ಅಂಚಿನಲ್ಲಿ ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಒಂದೇ ತುಂಡೆಂಬಂತೆ ಹೊಲಿಯಿರಿ. ಇದು ಲೈನಿಂಗ್ ಅಲ್ಲ, ಲೈನಿಂಗ್ ಬೇರೆ. ಇದರ ಲಾಭ ಮುಂದೆ ಕಾಣುತ್ತದೆ: ಅಂಚಿನ ಕೈಹೊಲಿಗೆಯನ್ನೂ ಮಾರ್ಜಿನ್ ಕೂರಿಸುವ ಹೊಲಿಗೆಯನ್ನೂ ಈ ಪದರಕ್ಕೆ ಮಾತ್ರ ಹಿಡಿಸಿದರೆ ಹೊರಗೆ ಒಂದು ಚುಕ್ಕಿಯೂ ಕಾಣದು.

ಇಸ್ತ್ರಿ ಯಾವಾಗಲೂ ಹಿಂಬದಿಯಿಂದ, ನಡುವೆ ಬಟ್ಟೆಯಿಟ್ಟು. ಮಾರ್ಜಿನ್ ಅಡಿಗೆ ಕಾಗದದ ಪಟ್ಟಿ ಇಡದಿದ್ದರೆ ಅದರ ಅಚ್ಚು ಹೊರಗೆ ಮೂಡುತ್ತದೆ. ರೇಷ್ಮೆ ಸ್ಯಾಟಿನ್ ಮೇಲೆ ಇಸ್ತ್ರಿಪೆಟ್ಟಿಗೆ ನೀರು ಕಾರಿದರೆ ಕಲೆ ಹೋಗುವುದಿಲ್ಲ.

ಲೇಸನ್ನು ನೇರ ಹೊಲಿದರೆ ಹೂಗಳ ನಡುವೆ ಕತ್ತರಿಸಿದ ಗೆರೆ ಎದ್ದು ಕಾಣುತ್ತದೆ. ಒಂದು ತುಂಡಿನ ಹೂವಿನ ಅಂಚನ್ನು ಬಿಡಿಸಿ ಕತ್ತರಿಸಿ, ಇನ್ನೊಂದರ ಮೇಲೆ ಹೊರಿಸಿ, ಹೂವಿನ ಸುತ್ತ ಸಣ್ಣ ಕೈಹೊಲಿಗೆ ಹಾಕಿ ಅಡಿಯ ಹೆಚ್ಚುವರಿ ನೆಟ್ ತೆಗೆಯಿರಿ. ಅಲೆಯಂಚಿನ ಲೇಸ್ ಕೆಳಗೆ ಬರುವುದಾದರೆ ಅಂಚನ್ನು ಮೊದಲು ನಿಗದಿ ಮಾಡಿ. ಉದ್ದದ ಹೊಂದಾಣಿಕೆ ಸೊಂಟದಲ್ಲಿ. ಆರ್ಗಾಂಜಾದಂಥ ಪಾರದರ್ಶಕ ಬಟ್ಟೆಗೆ ಫ್ರೆಂಚ್ ಹೊಲಿಗೆ: ಒಳಬದಿಗಳು ಎದುರಾಗುವಂತೆ ಇಟ್ಟು 9 ಮಿ.ಮೀ.ಗೆ ಹೊಲಿದು, 3 ಮಿ.ಮೀ.ಗೆ ಕತ್ತರಿಸಿ, ತಿರುಗಿಸಿ 6 ಮಿ.ಮೀ.ಗೆ ಮತ್ತೆ ಹೊಲಿಯಿರಿ. ಇದಕ್ಕೆ 15 ಮಿ.ಮೀ. ಮಾರ್ಜಿನ್ ಬಿಟ್ಟಿರಬೇಕು.

ಭಾರ ಹೊರುವುದು ಸೊಂಟ

ಭುಜಪಟ್ಟಿಯಿಲ್ಲದ ಗೌನನ್ನು ಮದುಮಗಳು ಗಳಿಗೆಗೊಮ್ಮೆ ಮೇಲೆಳೆದುಕೊಳ್ಳುತ್ತಿದ್ದರೆ ಒಳಗೆ ಸೊಂಟಪಟ್ಟಿ ಇಲ್ಲವೆಂದೇ ಅರ್ಥ. ಮುಕ್ಕಾಲು ಇಂಚು ಅಗಲದ, ಹಿಗ್ಗದ ಗ್ರೋಗ್ರೇನ್ ರಿಬ್ಬನ್ನನ್ನು ಸೊಂಟದ ಅಳತೆಗಿಂತ ಅರ್ಧ ಇಂಚು ಕಡಿಮೆ ಇಟ್ಟು, ಒಳಗಿನ ಹೊಲಿಗೆಗಳಿಗೆ ಮಾತ್ರ ಸಿಕ್ಕಿಸಿ. ಬೆನ್ನಿನ ಎರಡೂ ಕಡೆ ಎರಡು ಇಂಚು ಬಿಡಿಯಾಗಿ ಬಿಟ್ಟು ತುದಿಗೆ ಹುಕ್ಕು ಹಾಕಿ. ಜಿಪ್ಪು ಎಳೆಯುವ ಮೊದಲು ಈ ಹುಕ್ಕು ಹಾಕಬೇಕು. ಸ್ಕರ್ಟಿನ ಭಾರವೆಲ್ಲ ಇದರ ಮೇಲೆ ಬೀಳುತ್ತದೆ, ಜಿಪ್ಪಿನ ಮೇಲಿನ ಎಳೆತವೂ ಇಳಿಯುತ್ತದೆ.

ಬೋನಿಂಗ್ ಕಡ್ಡಿಗಳು (ಮೇಲ್ಭಾಗ ಕುಸಿಯದಂತೆ ಬಟ್ಟೆಯ ಕೊಳವೆಯೊಳಗೆ ತೂರಿಸುವವು) ಕಾಲು ಇಂಚು ಅಗಲದವು ಸಾಕು. ಬಾಗುವ ಕಡೆ ಸುರುಳಿ ಸ್ಟೀಲ್, ಬೆನ್ನಿನ ತೆರೆಯುವ ಭಾಗಕ್ಕೆ ಚಪ್ಪಟೆ ಸ್ಟೀಲ್. ಕಡ್ಡಿ ಕೊಳವೆಗಿಂತ ಎರಡೂ ತುದಿಯಲ್ಲಿ ಕಾಲು ಇಂಚು ಗಿಡ್ಡ ಇರಲಿ, ತುದಿಗೆ ಟೋಪಿ ಇರಲಿ. ಇಲ್ಲವಾದರೆ ಕೂತಾಗ ಬಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ.

ದೂರದೂರಿನಲ್ಲಿದ್ದು ಟ್ರಯಲಿಗೆ ಬರಲಾಗದವಳಿಗೆ ಜಿಪ್ಪು ಬೇಡ, ಲಾಡಿ ಕಟ್ಟುವ ಬೆನ್ನು ಇಡಿ. ಎರಡು ಮೂರು ಇಂಚು ಹೆಚ್ಚು ಕಡಿಮೆಯಾದರೂ ತಡೆದುಕೊಳ್ಳುತ್ತದೆ. ಒಳಗೆ ಆರು ಇಂಚು ಅಗಲದ ಮರೆಪಟ್ಟಿ ಬೇಕು. ಗುಂಡಿಸಾಲಿನ ಆಸೆಯಿದ್ದರೆ ಅಡಿಯಲ್ಲಿ ಜಿಪ್ಪು, ಮೇಲೆ ಅಲಂಕಾರಕ್ಕೆ ಅರ್ಧ ಇಂಚಿನ ಬಟ್ಟೆಗುಂಡಿಗಳು. ನಲವತ್ತು ನಿಜವಾದ ಕುಣಿಕೆಗಳನ್ನು ಮದುವೆಯ ಬೆಳಿಗ್ಗೆ ಹಾಕಲು ಯಾರಿಗೂ ತಾಳ್ಮೆ ಇರುವುದಿಲ್ಲ.

ಅಂಚು, ಟ್ರೇಲ್, ವೇಲು

ವೃತ್ತಾಕಾರದ ಸ್ಕರ್ಟಿನ ಓರೆ ಭಾಗ ತನ್ನ ಭಾರಕ್ಕೇ ಇಳಿಯುತ್ತದೆ. ಎರಡು ದಿನ ನೇತುಹಾಕಿದ ಮೇಲೆಯೇ ಅಂಚು ಗುರುತು ಮಾಡಿ, ಅದೂ ಚಪ್ಪಲಿ ಹಾಕಿಸಿ, ನೆಲದಿಂದ ಸ್ಕೇಲಿಟ್ಟು. ಮುಂದೆ ನೆಲದಿಂದ ಮುಕ್ಕಾಲು ಇಂಚು ಮೇಲಿರಲಿ. ಮೊಣಕಾಲೂರಿ ಏಳುವಾಗ ಕಾಲ ಬೆರಳು ಸಿಕ್ಕಿಕೊಳ್ಳುವುದು ಹೊರಗಿನ ಸ್ಯಾಟಿನ್‌ಗಲ್ಲ, ಒಳಗಿನ ನೆಟ್ಟಿಗೆ. ಒಳಪದರಗಳನ್ನು ಹೊರಗಿನದಕ್ಕಿಂತ ಒಂದರಿಂದ ಎರಡು ಇಂಚು ಗಿಡ್ಡ ಮಾಡಿ.

ಟ್ರೇಲ್ ಹಿಂದಕ್ಕೆ ಒಂದು ಮೀಟರ್ ಇದ್ದರೂ ಕಾಣಲು ಸಾಕಷ್ಟಾಯಿತು. ಹಾದಿ ಕಿರಿದಾದ ಚರ್ಚಿಗೆ ಅಗಲ ಟ್ರೇಲ್ ಬೇಡ, ಎರಡೂ ಬದಿಯ ಬೆಂಚಿಗೆ ಸಿಕ್ಕಿಕೊಳ್ಳುತ್ತದೆ. ಆರಾಧನೆಯ ಆಮೇಲೆ ಅದನ್ನು ಎತ್ತಿ ಕಟ್ಟಲು ಹೊರಗೆ ಗುಂಡಿ ಕುಣಿಕೆ ಇಡಬಹುದು, ಅಥವಾ ಒಳಗೆ ಬಣ್ಣಬಣ್ಣದ ರಿಬ್ಬನ್ ಜೋಡಿಗಳು: ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಗುಂಡಿಯ ಹಿಂದೆ ಗಟ್ಟಿ ಬಟ್ಟೆಯ ಚೂರು ಇಟ್ಟು ಹೊಲಿಯದಿದ್ದರೆ ಮೊದಲು ತುಳಿದವರ ಕಾಲಿಗೆ ಕಿತ್ತು ಬರುತ್ತದೆ.

ವೇಲಿಗೆ 108 ಇಂಚು ಪನ್ನದ ಮೆತ್ತನೆಯ ನೆಟ್ ಸಿಕ್ಕರೆ ಜೋಡಣೆಯೇ ಬೇಡ. ಬೆರಳ ತುದಿಯ ತನಕ ಬರಲು ಕೂದಲಿಗೆ ಸಿಕ್ಕಿಸುವ ಬಾಚಣಿಗೆಯಿಂದ ಸುಮಾರು 40 ಇಂಚು, ಮುಖದ ಪದರಕ್ಕೆ 30. ಮೇಲ್ತುದಿಯಲ್ಲಿ ಜೋಡಿ ದಾರದ ಎರಡು ಸಾಲು ಕೈಹೊಲಿಗೆ ಹಾಕಿ ನಾಲ್ಕು ಇಂಚಿಗೆ ನೆರಿಗೆ ಎಳೆದು ಬಾಚಣಿಗೆಗೆ ಬಿಗಿಯಿರಿ. ನೈಲಾನ್ ನೆಟ್ ಬೆಂಕಿಗೆ ಕ್ಷಣದಲ್ಲಿ ಕರಗಿ ಹತ್ತಿಕೊಳ್ಳುತ್ತದೆ. ಮೇಣದ ಬತ್ತಿ ಹಚ್ಚುವುದಿದ್ದರೆ ಆ ಹೊತ್ತಿಗೆ ಮುಖದ ಪದರ ಹಿಂದಕ್ಕೆ ಹೋಗಿರಬೇಕು, ಬದಿಗಳನ್ನು ಯಾರಾದರೂ ಹಿಡಿದಿರಬೇಕು. ಕೈಗವಸು ಬೇಕೆಂದರೆ ಉಂಗುರದ ಬೆರಳಿನ ಪಕ್ಕದ ಹೊಲಿಗೆ ಬಿಚ್ಚಿ ಅಂಚು ಕಟ್ಟಿಡಿ.

ಜೊತೆಯವರ ಉಡುಪು

ಬ್ರೈಡ್ಸ್‌ಮೇಡ್‌ಗಳ ಬಟ್ಟೆಯೆಲ್ಲ ಒಂದೇ ಥಾನಿನಿಂದ, ಒಂದೇ ದಿನ, ಹತ್ತನೇ ಒಂದು ಭಾಗ ಹೆಚ್ಚಿಗೆ ಕೊಳ್ಳಿ. ಮತ್ತೆ ಹೋದರೆ ಬಣ್ಣದ ಪಾಕ ಬದಲಾಗಿರುತ್ತದೆ. ಎಲ್ಲರಿಗೂ ಒಂದೇ ಕತ್ತು ಬೇಡ. ಉದ್ದ ಮತ್ತು ಬಣ್ಣ ಒಂದೇ ಇದ್ದರೆ ಫೋಟೊದಲ್ಲಿ ಹೊಂದುತ್ತದೆ. ಫ್ಲವರ್ ಗರ್ಲ್ ಮಗುವಿನ ಅಳತೆ ಮದುವೆಗೆ ಮೂರು ವಾರ ಇರುವಾಗಷ್ಟೇ ತೆಗೆಯಿರಿ, ಅಂಚಿನಲ್ಲಿ ಮೂರು ಇಂಚು ಮಡಿಸಿಡಿ, ಸೊಂಟವನ್ನು ಹಿಂದೆ ಕಟ್ಟುವ ಪಟ್ಟಿಗೆ ಬಿಡಿ. ಮದುಮಗನ ಸೂಟನ್ನು ಕೋಟು ಹೊಲಿಯುವ ದರ್ಜಿಗೆ ಒಪ್ಪಿಸಿ, ನೀವು ವೇಸ್ಟ್‌ಕೋಟು, ಟೈ, ಜೇಬಿನ ಕರ್ಚೀಫು ಮಾಡಿ. ಗೌನಿನ ಚೂರು ಬಟ್ಟೆಯೇ ಅದಕ್ಕೆ ಸಾಕು.

ಕೊನೆಯ ವಾರ

ನೀವೂ ಆ ಮದುವೆಗೆ ಹೋಗುವವರೇ, ಹಾಡುವ ತಂಡದಲ್ಲೋ ಮದುಮಗಳ ಪಕ್ಕದಲ್ಲೋ ಇರುವವರೇ ಆಗಿದ್ದರೆ ಕೆಲಸ ಒಂದು ವಾರ ಮೊದಲೇ ಮುಗಿಯಲಿ. ಗೌನನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಡಿ, ಒಗೆದ ಹತ್ತಿ ಪಂಚೆ ಅಥವಾ ಹಾಸಿಗೆ ಬಟ್ಟೆ ಸುತ್ತಿ. ನೇತುಹಾಕಲು ಒಳಗೆ ಸೊಂಟದ ಪಕ್ಕದಲ್ಲಿ ರಿಬ್ಬನ್ ಕುಣಿಕೆ ಹೊಲಿದಿರಿ. ಭುಜದಿಂದ ನೇತರೆ ಲೇಸ್ ಎಳೆದುಕೊಳ್ಳುತ್ತದೆ.

ಗೌನು ತೊಡಿಸುವವಳನ್ನು ಕೊನೆಯ ಟ್ರಯಲಿಗೆ ಕರೆಸಿ, ಸೊಂಟಪಟ್ಟಿ, ಜಿಪ್ಪು, ಗುಂಡಿ ಎಂಬ ಕ್ರಮವನ್ನೂ ಟ್ರೇಲ್ ಎತ್ತಿ ಕಟ್ಟುವುದನ್ನೂ ಅವಳ ಕೈಯಲ್ಲೇ ಎರಡು ಸಲ ಮಾಡಿಸಿ, ಫೋನಿನಲ್ಲಿ ಚಿತ್ರೀಕರಿಸಿ ಕೊಡಿ. ಜೊತೆಗೊಂದು ಡಬ್ಬಿ: ದಾರ ಪೋಣಿಸಿದ ಎರಡು ಸೂಜಿ, ಸೇಫ್ಟಿ ಪಿನ್, ಬಿಡಿ ಹುಕ್ಕು ಗುಂಡಿ, ಸಣ್ಣ ಕತ್ತರಿ, ಬಿಳಿ ಚಾಕ್ (ಸಣ್ಣ ಕಲೆ ಮರೆಸಲು), ಒಂದು ಮೀಟರ್ ಗಟ್ಟಿ ರಿಬ್ಬನ್. ಜಿಪ್ಪು ಬಾಯಿ ಬಿಟ್ಟರೆ ಅದನ್ನು ಎಳೆದಾಡಬಾರದು. ಸೊಂಟಪಟ್ಟಿಯ ಹುಕ್ಕು ಹಾಕಿಯೇ ಇರಲಿ, ಬೆನ್ನಿನ ಎರಡು ಅಂಚನ್ನು ಸೇರಿಸಿ ಜೋಡಿ ದಾರದಲ್ಲಿ ಒಳಗಿನಿಂದ ಕಾಲಿಂಚಿಗೊಂದರಂತೆ ಹೊಲಿಗೆ ಹಾಕಿ ಮೈಮೇಲೇ ಮುಚ್ಚಿಬಿಡಬಹುದು. ಐದು ನಿಮಿಷದ ಕೆಲಸ. ರಾತ್ರಿ ಗೌನು ಕಳಚಬೇಕಾದಾಗ ಆ ದಾರ ಕತ್ತರಿಸಲು ಯಾರಾದರೂ ಜೊತೆಗಿರಲಿ.